ಕಿಟಕಿ ಸಂದಿಗೆ ತುರುಕಿದ ಸೀರೆ

ತುಮಕೂರು
ಡಿಸೆಂಬರ್ ೧೨, ಬೆಳಗಿನ ಜಾವ ಎರಡೂ ಮುಕ್ಕಾಲು

ಪ್ರೀತಿಯ ಅಮ್ಮಾ,

ಎರಡೂವರೆಗೆ ಎಚ್ಚರವಾಯಿತು. ಎಬ್ಬಿಸಿದ್ದು ಅಳುವಲ್ಲ, ಪಾಪು ಇಂಪನಾಳ ಎದೆಯಿಂದ ಬರುತ್ತಿದ್ದ ಸುಯ್ಯೆನ್ನುವ ಸಣ್ಣ ಸದ್ದು. ಎಲ್ಲೋ ದೂರದಲ್ಲಿ ಯಾರೋ ಬಿದಿರಿಗೆ ತುಟಿಯಿಟ್ಟು ಊದಿದ ಹಾಗೆ. ಅವಳನ್ನು ಹೆಗಲಿಗೆ ಹಾಕಿಕೊಂಡು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ. ನಿನ್ನ ಮಂಡಿ ನೋವು ಹೇಗಿದೆ? ಆ ಕೆಮ್ಮು? ನಿನ್ನ ಅಳಿಯಂದಿರಿಗೆ ವಸಂತನರಸಾಪುರದ ಫ್ಯಾಕ್ಟರಿಯಲ್ಲಿ ಈ ವಾರ ನೈಟ್ ಶಿಫ್ಟ್. ಫೋನಿನಲ್ಲಿ ಹೇಳಹೊರಟರೆ ನೀನು ಗಾಬರಿಯಾಗುತ್ತೀಯ, ನಾನು ಅತ್ತುಬಿಡುತ್ತೇನೆ. ಅದಕ್ಕೇ ಹಾಳೆಯಲ್ಲಿ ಬರೆದು, ಫೋಟೋ ತೆಗೆದು ವಾಟ್ಸಾಪ್ ಮಾಡುತ್ತೇನೆ. ನಾಲ್ಕಕ್ಕೆ ಎದ್ದವಳೇ ಕನ್ನಡಕ ಹಾಕಿಕೊಂಡು ಓದು.

ಮೊನ್ನೆ ಡಾಕ್ಟರು ಭಯವಿಲ್ಲ ಎಂದರು. ಆದರೆ, "ಹೊಗೆ, ಧೂಳು ಸೋಕಿಸ್ಬೇಡಿ" ಎಂದರಲ್ಲ, ಅಂದಿನಿಂದ ನನಗೆ ಎಲ್ಲೆಲ್ಲೂ ಹೊಗೆಯೇ. ಹೈವೇ ಲಾರಿಗಳದು, ಹಿರೇಹಳ್ಳಿ ಕಾರ್ಖಾನೆಗಳ ಕಡೆಯ ಆಕಾಶದ್ದು, ಪಕ್ಕದ ಖಾಲಿ ಸೈಟಿನಲ್ಲಿ ಸಂಜೆಯಾದರೆ ಸುಡುವ ಪ್ಲಾಸ್ಟಿಕ್ಕಿನದು. ಎದುರು ಕಟ್ಟುತ್ತಿರುವ ಮನೆಯ ಸಿಮೆಂಟು ಬೇರೆ ಹಿಟ್ಟಿನಂತೆ ಹಾರಿ ನಮ್ಮ ತುಳಸಿಯ ಮೇಲೆ ಕೂರುತ್ತದೆ. ನಿನ್ನ ಹಳೇ ಸೀರೆ ಹರಿದು ಕಿಟಕಿ ಸಂದಿಗೆಲ್ಲ ತುರುಕಿದೆ. "ಮನೇನಾ ಉಪ್ಪಿನಕಾಯಿ ಜಾಡಿ ಮಾಡ್ಬಿಟ್ಯಲ್ಲೇ" ಎಂದು ಇವರು ನಕ್ಕರು. ಊರ ಗಾಳಿಗೆ ಸರಿಹೋದಾಳೆಂದೇ ಈ ಬೆಳಿಗ್ಗೆ ಆರರ ಬಸ್ಸಿಗೆ ಹಾಗಲವಾಡಿಗೆ, ನಿನ್ನ ಹತ್ತಿರ ಹೊರಡುವವಳಿದ್ದೆ, ನಿನಗೂ ಹೇಳಿದ್ದೆ.

ಆದರೆ ಈಗ, ನೈಟ್ ಬಲ್ಬಿನ ನೀಲಿ ಬೆಳಕಿನಲ್ಲಿ, ತೊಟ್ಟಿಲ ಮೇಲೆ ಏನೋ ತೇಲುತ್ತಿರುವುದು ಕಂಡಿತು. ತೆಳ್ಳಗೆ, ಅಲುಗದೆ, ಕೆರೆಯ ಮೇಲಿನ ಮಂಜಿನ ಹಾಗೆ. ಎಷ್ಟು ಚೆನ್ನಾಗಿತ್ತೆಂದರೆ ಕನಸೆಂದುಕೊಂಡು ನೋಡುತ್ತಲೇ ಕೂತೆ. ಮೂಗಿಗೆ ಬಂದದ್ದು ನಿನ್ನ ವಾಸನೆ ಅಮ್ಮಾ. ಸಾಂಬ್ರಾಣಿ. ನೀನು ಕೊಟ್ಟು ಕಳಿಸಿದ್ದು, ತೆಂಗಿನ ಚಿಪ್ಪಿನ ಕೆಂಡದ ಮೇಲೆ, ಪಾಪುವಿನ ಸಂಜೆ ಸ್ನಾನವಾದ ನಂತರ, ದಿನವೂ ನಾನೇ ಉದುರಿಸಿದ್ದು. "ಹೊಗೆ ಕೊಟ್ರೆ ಶೀತ ಹತ್ರಾನೂ ಸುಳಿಯಲ್ಲ ಕಣೇ" ಅಂದಿದ್ದೆಯಲ್ಲ. ಹೊರಗಿನ ಹೊಗೆ ಬಾರದಂತೆ ಸೀರೆ ತುರುಕಿ, ಒಳಗಿನದು ಹೋಗದಂತೆ ಕಾದವಳು ನಾನೇ.

ಬಿಎಸ್ಸಿ ಪರೀಕ್ಷೆಯಲ್ಲಿ ವಾಯುಮಾಲಿನ್ಯದ ಪ್ರಶ್ನೆಗೆ ನಾಲ್ಕು ಪುಟ ಬರೆದಿದ್ದೆ. ಕಾಣುವ ಕಣ, ಕಾಣದ ಅನಿಲ, ಕಾರ್ಖಾನೆ, ವಾಹನ. ಮನೆಯೊಳಗಿನದಕ್ಕೆ ಕೊನೆಯಲ್ಲಿ ಎರಡೇ ಸಾಲು. ನಮ್ಮ ಬಚ್ಚಲುಮನೆ ನೆನಪಿದೆಯಾ? ಹೆಂಚಿನ ತೂತಿನಿಂದ ಇಳಿಯುವ ಬಿಸಿಲಕೋಲಿನಲ್ಲಿ ಹಂಡೆ ಒಲೆಯ ಹೊಗೆ ಸುತ್ತಿ ಸುತ್ತಿ ಏರುತ್ತಿತ್ತು. ಅದು ಆಕಾಶಕ್ಕೆ ಹೋಗುವ ದಾರಿ ಅಂದುಕೊಂಡಿದ್ದೆ. ಆ ದಾರಿಯ ಬುಡದಲ್ಲಿ ನೀನು ಬಗ್ಗಿ ಊದುತ್ತಾ ಕೆಮ್ಮುತ್ತಿದ್ದೆ. ನನಗೆ ಆ ಕೆಮ್ಮೂ ಬೆಳಗಿನ ಒಂದು ಸದ್ದು, ಅಷ್ಟೇ.

ಸೀರೆ ಕಿತ್ತು ಕಿಟಕಿ ತೆರೆದಿದ್ದೇನೆ. ಅವಳ ಉಸಿರು ಸ್ವಲ್ಪ ಸ್ವಲ್ಪವೇ ಹಗುರಾಗುತ್ತಿದೆ. ನಿನ್ನ ಮೇಲೆ ಕೋಪವಿಲ್ಲ, ಆಣೆ. ಚೈತನ್ಯನಿಗೆ ಅಕ್ಕ ಕೇಳಿದಳೆಂದು ಹೇಳು. ಶಿವ ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಮಗಳು,
ರೂಪಶ್ರೀ

ಮರೆತಿದ್ದೆ ಅಮ್ಮಾ: ಮೊಮ್ಮಗಳು ಬರುತ್ತಾಳೆಂದು ಎದ್ದವಳೇ ಹಂಡೆ ಒಲೆ ಹಚ್ಚುತ್ತೀಯ, ಬಾಗಿಲು ಮುಚ್ಚಿ ಧೂಪಕ್ಕೆ ಕೆಂಡ ಮಾಡುತ್ತೀಯ, ಗೊತ್ತು. ಕಡ್ಡಿ ಗೀರುವ ಮೊದಲು ಫೋನ್ ಮಾಡು. "ಹೊಗೆ ಹಾಕಲ್ಲ, ಬಾ" ಅಷ್ಟು ಹೇಳಿದರೆ ಸಾಕು. ನೀರು ಗ್ಯಾಸಿನ ಮೇಲೆ ಕಾಯಲಿ. ಬ್ಯಾಗು ಬಾಗಿಲ ಹತ್ತಿರವೇ ಇದೆ. ನೀನು ಹೇಳದೆ ಬಸ್ಸು ಹತ್ತಲಾರೆ. ಬೆಳಗಾಗುವುದರೊಳಗೆ ಮಾಡಮ್ಮಾ, ಎದ್ದೇ ಇರುತ್ತೇನೆ.