ನಾವೇ ಹಾಕಿದ ಬಣ್ಣ

ಹೊಸ ಮನೆಯ ಅಡುಗೆಕಟ್ಟೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅಪ್ಪಾ,

ಗೆದ್ದರು ಅಪ್ಪಾ, ನಿನ್ನ ಅಳಿಯ ಗೆದ್ದೇಬಿಟ್ಟರು, ಮೀನಿನ ಚರ್ಮದಿಂದ ಮಾಡಿದ ಪುಡಿ ಈ ಸಲವೂ ಕೆಲಸ ಮಾಡಿತು! ಇರು, ನೀನು ಹೇಗಿದ್ದೀಯ ಮೊದಲು ಹೇಳು. ಹೊಟ್ಟೆಯ ಊತ ಇಳಿಯಿತಾ? ಎರಡು ತುತ್ತಾದರೂ ಸೇರುತ್ತಿದೆಯಾ? ಫೋನಿನಲ್ಲಿ ಕೇಳಿದರೆ "ಆರಾಮಾಗಿದೀನಿ ಪುಟ್ಟಿ" ಎಂದು ಅಮ್ಮನ ಕೈಗೆ ಕೊಟ್ಟುಬಿಡುತ್ತೀಯ, ಅದಕ್ಕೇ ಈ ಕಾಗದ. ಇಂಗ್ಲಿಷ್ ಶಾಲೆಗೆ ಹಾಕಿದವನು ನೀನೇ, ಒತ್ತಕ್ಷರ ತಪ್ಪಿದ್ದರೆ ಪಾಪ ನಿನ್ನ ತಲೆಗೇ!

ಇಲ್ಲಿ ಸಂಜೆಯಾದರೆ ಬಾಗಿಲಿಗೆ ಮೊದಲು ಮೀನಿನ ವಾಸನೆ ಬರುತ್ತದೆ, ಅದರ ಹಿಂದೆ ಇವರು. ಮೀನು ಕಾರ್ಖಾನೆಯವರು ಎಸೆಯುವ ಚರ್ಮವನ್ನು ಐಸಿನಲ್ಲಿಟ್ಟು ಲ್ಯಾಬಿಗೆ ಒಯ್ಯುತ್ತಾರೆ, ತೊಳೆದು ಬಿಸಿನೀರಿನಲ್ಲಿ ಕರಗಿಸುತ್ತಾರೆ, ಎಂಜೈಮ್ ಹಾಕಿ ಅದರ ಪ್ರೋಟೀನನ್ನು ಚೂರುಚೂರು ಮಾಡುತ್ತಾರೆ. ಆ ಚೂರುಗಳಿಗೆ ಪೆಪ್ಟೈಡ್ ಅಂತ ಹೆಸರು. ಎಣ್ಣೆ ಕಮಟಾಗದಂತೆ ತಡೆಯುವುದು ಅವುಗಳ ಗುಣ. ಅದು ಇದೆಯೋ ಇಲ್ಲವೋ ನೋಡಲು ನೇರಳೆ ಬಣ್ಣದ ದ್ರವಕ್ಕೆ ಪುಡಿ ಹಾಕುತ್ತಾರೆ. ಬಣ್ಣ ಮಾಸಿ ತಿಳಿಹಳದಿಯಾದರೆ ಪಾಸ್! ಅದೇ ವಿಡಿಯೋ ನಾನು ಕುಣಿಯುತ್ತ ನಿಮಗೆಲ್ಲ ಕಳಿಸಿದ್ದು.

ಜೀವಮಾನವೆಲ್ಲ ಲಾಂಡ್ರಿಯಲ್ಲಿ ಕಲೆ ತೆಗೆದವನು ನೀನು. ಆ ವಿಡಿಯೋ ನೋಡಿ ನೀನು ಅಂದದ್ದನ್ನು ಅಮ್ಮ ಹೇಳಿದಳು: "ಸ್ಕ್ಯಾನಲ್ಲಿ ಕಾಣೋ ಕಪ್ಪೂ ಹೀಗೇ ಹೋಗತ್ತೆ. ಅಳಿಯಂದ್ರ ಪುಡಿ ಬರ್ಲಿ, ಅಲ್ಲೀತನಕ ನಂಗೆ ಆಸ್ಪತ್ರೆ ಇಂಜೆಕ್ಷನ್ ಬೇಡ." ನಾನೂ ನಿನ್ನ ಮಗಳೇ ತಾನೆ? ಖಾಲಿ ಡಬ್ಬಿ ಹಿಡಿದು ಇವರ ಮುಂದೆ ನಿಂತೆ, ಒಂದೇ ಒಂದು ಚಮಚ ಅಂತ ಗೋಗರೆದೆ. ಇವರು ಕೈ ಒರೆಸಿಕೊಂಡು ಕುಳಿತರು. "ಆ ನೇರಳೆ ಬಣ್ಣ ನಾವೇ ಹಾಕಿದ್ದು ಕಣೇ. ನಾವು ಹಾಕಿದ್ದನ್ನ ನಾವು ತೆಗೆದ್ವಿ, ಅಷ್ಟೇ. ಮಾವನ ಹೊಟ್ಟೇಲಿರೋ ಗಡ್ಡೆ ಯಾರೂ ಹಾಕಿದ್ದಲ್ಲ" ಅಂದರು. ಡಬ್ಬಿಯನ್ನು ವಾಪಸ್ ಕಪಾಟಿನಲ್ಲಿಟ್ಟೆ. ನಿನ್ನ ಡಾಕ್ಟರಿಗೂ ಫೋನ್ ಮಾಡಿದೆ. ವಾಸಿಯ ಮಾತನ್ನೇ ಅವರು ಎತ್ತಲಿಲ್ಲ ಅಪ್ಪಾ. ಇಂಜೆಕ್ಷನ್ ತಗೊಂಡರೆ ನೋವು ಕಡಿಮೆಯಾಗಿ ನಿದ್ದೆ ಬರುತ್ತದೆ, ಇನ್ನು ನಮ್ಮ ಕೈಲಾಗುವುದು ಅಷ್ಟೇ ಅಂದರು.

ಗೆದ್ದ ಸುದ್ದಿ ಮೊದಲು ಬರೆದರೆ ಉಳಿದದ್ದು ಬರೆಯಲು ಧೈರ್ಯ ಬರುತ್ತದೆ ಅಂದುಕೊಂಡಿದ್ದೆ. ಬರಲಿಲ್ಲ.

ಅಮ್ಮನಿಗೆ ಗಟ್ಟಿಯಾಗಿ ಒಂದು ಅಪ್ಪುಗೆ, ಅಂಗಡಿಯ ಇಸ್ತ್ರಿ ಮಾಮನಿಗೆ ನಮಸ್ಕಾರ, ನಿನ್ನ ಪಾದಕ್ಕೆ ನಮ್ಮಿಬ್ಬರದೂ.

ನಿನ್ನ
ಪುಟ್ಟಿ

ಮತ್ತೆ: ಪುಡಿ ಬರುವುದಿಲ್ಲ ಅಪ್ಪಾ, ಕಾಯಬೇಡ. ಈ ಕಾಗದ ಓದಿದ ಕೂಡಲೇ ಅಮ್ಮನ ಜೊತೆ ಹೋಗಿ ಇಂಜೆಕ್ಷನ್ ಹಾಕಿಸಿಕೋ, ನನ್ನಾಣೆ. ಇವರಿಗೆ ರಜೆ ಸಿಕ್ಕಿಲ್ಲ, ಒಬ್ಬಳೇ ಊರಿಗೆ ಹೊರಟಿದ್ದೇನೆ, ವಾಪಸ್ ಟಿಕೆಟ್ ತೆಗೆದಿಲ್ಲ. ಶುಕ್ರವಾರ, ಬೆಳಗಿನ ಪ್ಯಾಸೆಂಜರ್ ರೈಲು.