ಶುಚಿಯಾಗಿ ತೆರೆದುಕೊಂಡ ನಕ್ಷೆ

ಸೆಪ್ಟೆಂಬರ್ 8, 2025, ಸೋಮವಾರ

ಮತ್ತೆ ಪಾಸ್‌ವರ್ಡ್ ಮರೆತೆ. ಆಫೀಸಿನ ಎಲ್ಲ ಕಂಪ್ಯೂಟರ್‌ಗಳಿಂದ ವಿಂಡೋಸ್ ತೆಗೆಸಿ ಲಿನಕ್ಸ್ ಹಾಕಿಸಿದ್ದಾರೆ ಮ್ಯಾನೇಜರ್ ವಸಿಷ್ಠ ಸರ್. ಅಕ್ಟೋಬರ್ ಕಳೆದರೆ ವಿಂಡೋಸ್ ಹತ್ತಕ್ಕೆ ದಿಕ್ಕಿಲ್ಲವಂತೆ, ಹನ್ನೊಂದನ್ನು ನಮ್ಮ ಮುದಿ ಮಷೀನ್‌ಗಳು ಹೊರಲಾರವಂತೆ. ಸರಿ, ಒಪ್ಪಿದೆ. ಆದರೆ ಫಾರ್ಮ್ಯಾಟ್ ಮಾಡಿಸುವ ಮೊದಲು ಒಂದು ಮಾತು ಕೇಳಬಾರದಿತ್ತೇ? ನಕ್ಷೆಗಳ ಫೈಲುಗಳು ಭದ್ರವಾಗಿವೆ. ಅವನ್ನು ಬರೆದ ಸಾಫ್ಟ್‌ವೇರ್ ಲಿನಕ್ಸ್‌ನಲ್ಲಿ ಓಡುವುದೇ ಇಲ್ಲ.

ಫ್ಯಾಕ್ಟರಿಯ ವೈರಿಂಗ್ ನಕ್ಷೆಗಳೆಲ್ಲ ಸುಂದರೇಶ್ ಸರ್ ಬರೆದವು. ಯಾವ ಸ್ವಿಚ್ಚಿನಿಂದ ಯಾವ ಕೋಣೆಗೆ ಕರೆಂಟ್ ಹೋಗುತ್ತದೆ ಎಂದು ಗೆರೆ ಗೆರೆಯಾಗಿ ತೋರಿಸಿ, ಕಳೆದ ವರ್ಷ ರಿಟೈರ್ ಆದರು. ಈಗ ನಾನು ಹೊಸ ಸಾಫ್ಟ್‌ವೇರ್ ಆರಿಸಬೇಕು, ಎಲ್ಲವನ್ನೂ ಅದಕ್ಕೆ ತರಬೇಕು. ಆಯುಧಪೂಜೆಯೊಳಗೆ. ನಮ್ಮಲ್ಲಿ ಪೂಜೆಯ ಮುನ್ನಾದಿನ ಕರೆಂಟಿನ ಪ್ಯಾನೆಲ್ ಪೆಟ್ಟಿಗೆಗಳನ್ನೆಲ್ಲ ತೊಳೆದು, ಬಣ್ಣ ಬಳಿದು, ಹಳೇ ನಕ್ಷೆ ಕಿತ್ತು ಹೊಸದು ಅಂಟಿಸಿಯೇ ಕುಂಕುಮ ಇಡುವುದು. ದೇವಿಗೆ ಹೊಸ ಸೀರೆ ಉಡಿಸಿದ ಹಾಗೆ.

ಸೆಪ್ಟೆಂಬರ್ 11, ಗುರುವಾರ

ಹೆಣ್ಣು ನೋಡುವ ಶಾಸ್ತ್ರ ನಡೆಯುತ್ತಿದೆ. ಈ ಸಲ ನೋಡುವವಳು ನಾನು, ಅಷ್ಟೇ ಸಮಾಧಾನ. ಸಾಫ್ಟ್‌ವೇರ್‌ಗಳಲ್ಲಿ ಇಬ್ಬರು ಉಳಿದಿದ್ದಾರೆ. ಒಂದಕ್ಕೆ ಮದುಮಗಳು ಎಂದು ಹೆಸರಿಟ್ಟೆ — ಬೆಳ್ಳಗೆ, ಚುರುಕು, ಮುಟ್ಟಿದರೆ ಸಾಕು ನಕ್ಷೆ ತೆರೆಯುತ್ತದೆ. ಇನ್ನೊಂದು ಅತ್ತೆ. ತೆರೆಯಲು ಎರಡು ನಿಮಿಷ, ಬಾಗಿಲಲ್ಲೇ ನೂರು ತಕರಾರು. ಈ ಫಾಂಟ್ ಇಲ್ಲ, ನಕ್ಷೆಯ ಆ ಪದರ, ಅಂದರೆ ಲೇಯರ್, ಮುಚ್ಚಿದೆ, ಇದನ್ನು ಏನು ಮಾಡಲಿ...

ಮಿಕ್ಸಿಂಗ್ ರೂಮಿನ ನಕ್ಷೆಯನ್ನು ಎರಡರಲ್ಲೂ ತೆರೆದೆ. ಅಗರಬತ್ತಿಯ ಸುಗಂಧ ಬೆರೆಸುವ ಕೋಣೆ ಅದು. ಆವಿ ಹೊರಗೆಳೆಯುವ ದೊಡ್ಡ ಫ್ಯಾನಿನ ನಾಲ್ಕನೇ ಪ್ಯಾನೆಲ್ ಅಲ್ಲೇ ಇದೆ. ಅತ್ತೆಯಲ್ಲಿ ಅಕ್ಷರದ ಮೇಲೆ ಅಕ್ಷರ, ಎಚ್ಚರಿಕೆಗಳ ಸಾಲು. ಮದುಮಗಳಲ್ಲಿ ಕಣ್ಣಿಗೆ ಹಬ್ಬ.

ಮನೆಯಲ್ಲಿ ಅಮ್ಮ ಇನ್ನೊಂದು ಜಾತಕ ತಂದಿದ್ದಾಳೆ. ಚಾರ್ಟರ್ಡ್ ಅಕೌಂಟೆಂಟ್. ಅಕ್ಟೋಬರ್‌ನಲ್ಲಿ ಬರುತ್ತಾರಂತೆ. ಬರಲಿ.

ಸೆಪ್ಟೆಂಬರ್ 16, ಮಂಗಳವಾರ

ಮದುಮಗಳೇ ಆಯಿತು. ವಸಿಷ್ಠ ಸರ್ ನೋಡಿ, ಇಷ್ಟು ಕ್ಲೀನಾಗಿ ಹಳೇದರಲ್ಲೂ ಕಾಣುತ್ತಿರಲಿಲ್ಲ ಎಂದರು. ಬೀಗಿದೆ.

ಒಂದೇ ಒಂದು ಕಸ ಇತ್ತು. ನಾಲ್ಕನೇ ಪ್ಯಾನೆಲ್ ಪಕ್ಕ ಒಂದು ಸಣ್ಣ ಬಾಣದ ತುದಿ. ಹಿಂದೆ ಗೆರೆಯೇ ಇಲ್ಲ, ಬಾಣ ಮಾತ್ರ. ಎಲ್ಲಿಂದಲೂ ಬರುತ್ತಿಲ್ಲ, ಪ್ಯಾನೆಲ್ ಕಡೆ ಮುಖ ಮಾಡಿ ನಿಂತಿದೆ. ಫೈಲ್ ಬದಲಾಯಿಸುವಾಗ ಹೀಗೆ ಚೂರುಪಾರು ಉಳಿಯುವುದುಂಟು. ಅಳಿಸಿದೆ.

ಸುಂದರೇಶ್ ಸರ್‌ಗೆ ಒಮ್ಮೆ ತೋರಿಸೋಣ ಎಂದುಕೊಂಡೆ. ಕಣ್ಣಿನ ಪೊರೆಯ ಆಪರೇಷನ್ ಆಗಿದೆಯಂತೆ. ಪಾಪ, ತೊಂದರೆ ಕೊಡುವುದು ಬೇಡ.

ಸೆಪ್ಟೆಂಬರ್ 19, ಶುಕ್ರವಾರ

ಎಲೆಕ್ಟ್ರಿಷಿಯನ್ ಮಹದೇವಣ್ಣ ಪ್ರಿಂಟ್ ನೋಡಲು ಬಂದಿದ್ದರು. ಜೂನ್‌ನಲ್ಲಿ ನಂಜನಗೂಡಿನ ನಮ್ಮ ಇನ್ನೊಂದು ಘಟಕ ಮುಚ್ಚಿದಾಗ ಇಲ್ಲಿಗೆ ಬಂದವರು. ಮನೆ ಇಲ್ಲೇ ಕೆಸರೆಯಲ್ಲಿ. ಬಂದ ಹೊಸತರಲ್ಲಿ ಎಲ್ಲವನ್ನೂ ಅಂದಾಜಿನಲ್ಲೇ ಬಿಚ್ಚುತ್ತಿದ್ದರು. ಒಂದು ದಿನ ನಾನು ಎಲ್ಲರೆದುರು ರೇಗಿದ್ದೆ: ನಿಮ್ಮ ಅಂದಾಜು ನಂಜನಗೂಡಿಗೆ, ಇಲ್ಲಿ ನಕ್ಷೆ ಹೇಳಿದಷ್ಟೇ. ಅಂದಿನಿಂದ ಪ್ಯಾನೆಲ್ ಮುಂದೆ ನಿಂತು, ಗೆರೆಯ ಮೇಲೆ ಬೆರಳಿಟ್ಟು ಓದಿಯೇ ಸ್ಕ್ರೂಡ್ರೈವರ್ ಎತ್ತುತ್ತಾರೆ.

ಇಂದು ಪ್ರಿಂಟನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಈಗ ಸಲೀಸಾಗದೆ ಮೇಡಂ. ಇದು ಏನ್ ಏಳ್ತದೋ ಅಂಗೇ ಮಾಡ್ಕೊಂಡ್ ಓಯ್ತೀನಿ" ಎಂದರು. ಮಗಳು ಅನು ಸರಸ್ವತಿಪುರಂನಲ್ಲಿ ನಮ್ಮ ಬೀದಿಯ ಟ್ಯುಟೋರಿಯಲ್ಲಿಗೇ ಸೇರಿದ್ದಾಳಂತೆ. ಅವಳಿಗೆ ಲೆಕ್ಕ ಹೇಳಿಕೊಡಿ ಎಂದು ಕೇಳಿಕೊಂಡರು. ಭಾನುವಾರಗಳಲ್ಲಿ ಕಳಿಸಿ ಎಂದೆ.

ಸೆಪ್ಟೆಂಬರ್ 30, ಮಂಗಳವಾರ

ಸೊಂಟ ಬಿದ್ದುಹೋಗಿದೆ. ಪ್ಯಾನೆಲ್ ತೊಳೆದದ್ದು, ಬಳಿದದ್ದು, ಅಂಟಿಸಿದ್ದು. ಹಳೇ ನಕ್ಷೆಗಳು ಎಣ್ಣೆ, ಕುಂಕುಮ ಕುಡಿದು ಗೋಡೆಗೇ ಬೇರುಬಿಟ್ಟಿದ್ದವು. ಸೋಪಿನ ನೀರು ಹಾಕಿ ಬ್ಲೇಡಿನಿಂದ ಕೆರೆದರು. ನಾಲ್ಕನೇ ಪ್ಯಾನೆಲ್‌ನದನ್ನು ಹೊಸದರ ಪಕ್ಕ ಇಟ್ಟು ಹೋಲಿಸಬೇಕು ಎಂದುಕೊಂಡಿದ್ದೆ. ಅಂಟು ಹಚ್ಚಿ ತಿರುಗುವಷ್ಟರಲ್ಲಿ ಅದು ಬಕೆಟ್ಟಿನಲ್ಲಿ ಮುದ್ದೆಯಾಗಿತ್ತು. ಹೋಗಲಿ.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಕುಂಬಳಕಾಯಿ ಒಡೆದದ್ದು ಮಹದೇವಣ್ಣ. ನಾಲ್ಕನೇ ಪ್ಯಾನೆಲ್‌ಗೆ ಚೆಂಡುಹೂವಿನ ಹಾರ ಹಾಕಿ, ಲ್ಯಾಮಿನೇಟ್ ಆದ ನನ್ನ ನಕ್ಷೆಯ ನಾಲ್ಕು ಮೂಲೆಗೂ ಅರಿಶಿನ ಕುಂಕುಮ ಹಚ್ಚಿ ಕೈಮುಗಿದರು. ನಕ್ಷೆಗೆ ಯಾರು ಕೈಮುಗಿಯುತ್ತಾರೆ ಎಂದು ನಗಾಡಿದೆ. ಆಮೇಲೆ ಯಾಕೋ ನಗು ಹೊಂದಲಿಲ್ಲ ಅನ್ನಿಸಿತು.

ಅಕ್ಟೋಬರ್ 7, ಮಂಗಳವಾರ

ಮಧ್ಯಾಹ್ನ ಕರೆಂಟ್ ಹೋಯಿತು. ನಮ್ಮ ಜನರೇಟರ್ ತಾನಾಗಿಯೇ ಶುರುವಾಗುತ್ತದೆ. ನಕ್ಷೆಯ ಪ್ರಕಾರ ಆಫೀಸಿಗೆ, ಕೋಲ್ಡ್ ರೂಮಿಗೆ ಮಾತ್ರ. ಮಿಕ್ಸಿಂಗ್ ರೂಮಿನ ಪಕ್ಕ ಹಾದು ಬರುವಾಗ ಒಳಗೆ ಕತ್ತಲು. ಆದರೆ ಫ್ಯಾನಿನ ಸದ್ದು ಬರುತ್ತಿತ್ತು. ಗುಂಯ್ ಎಂದು, ಒಂದೇ ಸಮನೆ. ನಿಂತು ಕೇಳಿದೆ. ನನ್ನ ನಕ್ಷೆಯಲ್ಲಿ ಆ ಫ್ಯಾನ್ ಈಗ ನಿಂತಿರಬೇಕು.

ಪಕ್ಕದ ಫ್ಯಾಕ್ಟರಿಯದಿರಬೇಕು. ಈ ಕಡೆ ಗೋಡೆಗಳು ತೆಳು. ಬಾಗಿಲು ತೆಗೆದು ನೋಡಬಹುದಿತ್ತು. ವಸಿಷ್ಠ ಸರ್ ಮೀಟಿಂಗಿಗೆ ಕರೆದರು, ಹೋದೆ.

ಅಕ್ಟೋಬರ್ 10, ಶುಕ್ರವಾರ

ನಾಲ್ಕನೇ ಪ್ಯಾನೆಲ್ ಒಳಗೆ ಸುಟ್ಟ ವಾಸನೆಯಂತೆ. ತಾಮ್ರದ ಕಂಬಿಗಳು ಸಡಿಲವಾಗಿ ಬಿಸಿಯಾಗುತ್ತಿವೆ, ಬಿಚ್ಚಿ ಹೊಸದು ಹಾಕಬೇಕು ಎಂದರು ಮಹದೇವಣ್ಣ. ಭಾನುವಾರ ಹನ್ನೊಂದರಿಂದ ಸಂಜೆವರೆಗೆ ಫ್ಯಾಕ್ಟರಿ ಇರುವ ಮೇಟಗಳ್ಳಿ ಕಡೆ ಕರೆಂಟ್ ಇರುವುದಿಲ್ಲ ಎಂದು ಪೇಪರಿನಲ್ಲಿ ಬಂದಿದೆ. ಹೇಗೂ ರಜೆ, ಹೇಗೂ ಕರೆಂಟಿಲ್ಲ, ಅವತ್ತೇ ಮುಗಿಸಿಬಿಡಿ ಎಂದರು ವಸಿಷ್ಠ ಸರ್. ಮಹದೇವಣ್ಣನೂ ಹೂಂ ಎಂದರು. "ಊರ್ಗೇ ಕರೆಂಟಿಲ್ದಿದ್ ಮ್ಯಾಕೆ ಇನ್ಯಾತರ ಭಯ ಮೇಡಂ. ನೀವ್ ನಿಮ್ ಕೆಲ್ಸ ನೋಡ್ಕಳಿ."

ನನ್ನ ಕೆಲಸ ಎಂದರೆ ಚಾರ್ಟರ್ಡ್ ಅಕೌಂಟೆಂಟ್ ಮುಂದೆ ಉಪ್ಪಿಟ್ಟಿನ ತಟ್ಟೆ ಹಿಡಿಯುವುದು. ಅವರು ಬರುವುದೂ ಭಾನುವಾರವೇ, ಹನ್ನೊಂದೂವರೆಗೆ. ಇಲ್ಲದಿದ್ದರೆ ನಾನೂ ಪ್ಯಾನೆಲ್ ಪಕ್ಕ ನಿಂತಿರುತ್ತಿದ್ದೆ.

ಅಕ್ಟೋಬರ್ 12, ಭಾನುವಾರ, ಬೆಳಿಗ್ಗೆ 10

ರೇಷ್ಮೆ ಸೀರೆ ಉಡಿಸಿ ಕೂರಿಸಿದ್ದಾರೆ. ನೆರಿಗೆ ಹಾಳಾಗುತ್ತದೆ, ಏಳಬೇಡ ಎಂದು ಅಮ್ಮನ ಆಜ್ಞೆ. ಅನುವಿಗೆ ಇವತ್ತು ಪಾಠವಿಲ್ಲ ಎಂದು ಹೇಳಿ ಕಳಿಸಿದೆ. ಅಪ್ಪನಿಗೆ ಬುತ್ತಿ ಕಟ್ಟಿಕೊಟ್ಟು ಬಂದಿದ್ದಳಂತೆ. ಒಂಬತ್ತಕ್ಕೇ ಹೊರಟರಂತೆ ಮಹದೇವಣ್ಣ.

ಹೊತ್ತು ಹೋಗುತ್ತಿಲ್ಲ. ಲ್ಯಾಪ್‌ಟಾಪಿನಲ್ಲಿ ಜಾಗ ಖಾಲಿ ಮಾಡೋಣ. ಅತ್ತೆಯನ್ನು ಮನೆಯಿಂದ ಹೊರಹಾಕುವ ಮುಹೂರ್ತ. ಅದಕ್ಕೂ ಮುನ್ನ ಒಂದು ಸಲ, ಅವಳ ತಕರಾರುಗಳನ್ನು ಪೂರ್ತಿ ಓದಿ ನಗೋಣ —

10.20

ನಗುವಂಥದ್ದಲ್ಲ.

"ಒಂದು ಲೇಯರ್ ಮುಚ್ಚಿದೆ. ತೆರೆಯಲೇ?" ಸೆಪ್ಟೆಂಬರ್‌ನಲ್ಲೂ ಇದನ್ನೇ ಕೇಳಿತ್ತು. ಬೇಡ ಎಂದು ಒತ್ತಿದ್ದೆ. ಈಗ ಹೂಂ ಎಂದು ಒತ್ತಿದೆ. ಜನರೇಟರಿನಿಂದ ಒಂದು ಕೆಂಪು ಗೆರೆ ಹೊರಟು, ಗೋಡೆ ಬಳಸಿ, ನೇರ ನಾಲ್ಕನೇ ಪ್ಯಾನೆಲ್‌ಗೆ. ತುದಿಯಲ್ಲಿ ಬಾಣ. ನಾನು ಕಸ ಎಂದು ಅಳಿಸಿದ ಅದೇ ಬಾಣ. ಬಾಣ ಬೇರೆ ಲೇಯರಿನಲ್ಲಿದ್ದು ಉಳಿದಿತ್ತು, ಗೆರೆಯಿದ್ದ ಮುಚ್ಚಿದ ಲೇಯರನ್ನು ಮದುಮಗಳು ಒಳಗೇ ಬಿಟ್ಟುಕೊಂಡಿಲ್ಲ. ಅದಕ್ಕೇ ಅಷ್ಟು ಶುಚಿ.

ಸುಂದರೇಶ್ ಸರ್‌ಗೆ ಫೋನ್ ಮಾಡಿದೆ. ಮೊದಲನೇ ರಿಂಗಿಗೇ ಎತ್ತಿದರು. "ಇದೆಯಲ್ಲಮ್ಮ. ಆವಿ ತುಂಬಿಕೊಂಡ್ರೆ ಅಪಾಯ, ಫ್ಯಾನ್ ನಿಲ್ಲಬಾರದು ಅಂತ ನಾನೇ ಆ ಲೈನ್ ಎಳೆಸಿದ್ದು. ಊರಿಗೆ ಕರೆಂಟ್ ಹೋದ ತಕ್ಷಣ ಆ ಪ್ಯಾನೆಲ್‌ಗೆ ಜನರೇಟರಿಂದ ಬಂದ್ಬಿಡತ್ತೆ. ಬರೆಯುವಾಗ ಗಜಿಬಿಜಿ ಅಂತ ಲೇಯರ್ ಮುಚ್ಚಿಟ್ಕೊಳ್ತಿದ್ದೆ, ಪ್ರಿಂಟಿಗೆ ಮುಂಚೆ ತೆಗೀತಿದ್ದೆ." ಆಮೇಲೆ ಕೇಳಿದರು, ಯಾಕಮ್ಮ, ಯಾರಾದರೂ ಅದನ್ನು ಬಿಚ್ಚಿದ್ದಾರಾ ಎಂದು.

ಬಿಚ್ಚಿದ್ದಾರೆ. ಹನ್ನೊಂದಕ್ಕೆ ಕಾದಿರುವುದಿಲ್ಲ, ನಕ್ಷೆ ನೋಡಿ ಆ ಪ್ಯಾನೆಲ್‌ನ ಮೇನ್ ಸ್ವಿಚ್ ಇಳಿಸಿರುತ್ತಾರೆ. ಟೆಸ್ಟರ್ ಇಟ್ಟು ನೋಡಿರುತ್ತಾರೆ, ಹೊತ್ತಿರುವುದಿಲ್ಲ. ಊರಿನಲ್ಲಿ ಕರೆಂಟ್ ಇರುವವರೆಗೂ ಅದು ಹೊತ್ತುವುದೇ ಇಲ್ಲ. ಹನ್ನೊಂದಕ್ಕೆ ಊರಿಗೆಲ್ಲ ಹೋಗುತ್ತದೆ. ಅವರ ಕೈಗೆ ಬರುತ್ತದೆ.

10.40, ಆಟೋದಲ್ಲಿ

ಮಹದೇವಣ್ಣನ ಫೋನ್ ರಿಂಗಾಗುತ್ತಿದೆ, ಎತ್ತುತ್ತಿಲ್ಲ. ಲಾಕರಿನಲ್ಲಿರುತ್ತದೆ. ಮಿಕ್ಸಿಂಗ್ ರೂಮಿಗೆ ಫೋನ್ ಒಯ್ಯಬಾರದು — ಗೋಡೆಗೆ ಬೋರ್ಡ್ ಹಾಕಿಸಿದವಳು ನಾನೇ. ವಸಿಷ್ಠ ಸರ್ ಸ್ವಿಚ್ ಆಫ್. ಗೇಟಿನ ವಾಚ್‌ಮನ್ ಕರಿಬಸವಯ್ಯ ಯಾರ ಹತ್ತಿರವೋ ಮಾತಾಡುತ್ತಿದ್ದಾರೆ. ಎಂಗೇಜ್. ಮತ್ತೆ ಎಂಗೇಜ್.

ಅಮ್ಮ ಬಾಗಿಲಿಗೆ ಅಡ್ಡ ನಿಂತಿದ್ದಳು, ಅವರು ಬಂದರೆ ಏನು ಹೇಳಲಿ ಎಂದು. ಏನು ಉತ್ತರ ಕೊಟ್ಟೆನೋ ನೆನಪಿಲ್ಲ. ಚಪ್ಪಲಿ ಜೋಡಿ ತಪ್ಪಿದೆ. ಡೈರಿ ಕೈಗೆ ಹೇಗೆ ಬಂತೋ. ಬರೆಯುತ್ತಿದ್ದೇನೆ, ಇಲ್ಲದಿದ್ದರೆ ಕಿರುಚಿಬಿಡುತ್ತೇನೆ. ಟ್ಯುಟೋರಿಯಲ್ ಮುಂದೆ ಹಾದು ಬಂದೆವು. ಅನು ಬಸ್‌ಸ್ಟಾಪಿನಲ್ಲಿ ನಿಂತಿದ್ದಳು, ಕೈಬೀಸಿದಳು. ನಾನು ತಲೆ ತಗ್ಗಿಸಿದೆ.

10.50

ಸಿಕ್ಕರು ಕರಿಬಸವಯ್ಯ. ಜನರೇಟರ್ ನಿಲ್ಲಿಸಿ ಎಂದೆ. ಜನರೇಟರ್ ಕೋಣೆಯ ಕೀಲಿ ಮಹದೇವು ಜೇಬಿನಲ್ಲೇ ಇದೆಯಂತೆ. ಹಾಗಾದರೆ ಓಡಿಹೋಗಿ ಅವರನ್ನು ಹೊರಗೆ ಎಳೆಯಿರಿ, ಪ್ಯಾನೆಲ್ ಮುಟ್ಟಬೇಡಿ, ಹೆಸರು ಹಿಡಿದು ಕೂಗಿ ಎಂದೆ. "ಓಡಕ್ಕಾಗಲ್ಲ ಕಣವ್ವ, ಮಂಡಿನೋವು. ನಡ್ಕಂಡೇ ಒಂಟೆ, ಇಗೋ ಒಂಟೆ." ಫೋನ್ ಇಡಬೇಡಿ ಎಂದಿದ್ದೇನೆ. ತೊಡೆಯ ಮೇಲೆ ಸ್ಪೀಕರ್ ಹಾಕಿ ಇಟ್ಟುಕೊಂಡಿದ್ದೇನೆ. ಅವರ ಚಪ್ಪಲಿ ಸದ್ದು ಕೇಳಿಸುತ್ತಿದೆ. ಗೇಟಿನಿಂದ ಮಿಕ್ಸಿಂಗ್ ರೂಮು ಕೊನೆಯಲ್ಲಿದೆ, ಗೋಡೌನ್ ಸುತ್ತಿ ಹೋಗಬೇಕು.

ಕರೆಂಟಿನವರು ಹೇಳಿದ ಹೊತ್ತಿಗೆ ಎಂದೂ ತೆಗೆಯುವುದಿಲ್ಲ. ತಡವಾಗಿಯೇ ತೆಗೆಯುವುದು. ಇನ್ನೂ ಹನ್ನೊಂದಾಗಿಲ್ಲ. ತಾಯಿ ಚಾಮುಂಡಿ, ಅರ್ಧ ಗಂಟೆ ತಡ ಮಾಡಿಸು. ಐದು ನಿಮಿಷ ಸಾಕು.

ಕೆಆರ್‌ಎಸ್ ರಸ್ತೆಗೆ ಬಂದೆವು. ಮುಂದೆ ಲಾರಿ, ಆಟೋ ನಿಂತಿದೆ. ಕರಿಬಸವಯ್ಯ ಏದುಸಿರು ಬಿಡುತ್ತಿದ್ದಾರೆ. ಗೋಡೌನ್ ದಾಟಿದೆ ಎಂದರು.

ಪಕ್ಕದ ಬೇಕರಿಯ ದೀಪ ಆರಿತು. ಹುಡುಗ ಹೊರಬಂದು ಜನರೇಟರಿನ ಹಗ್ಗ ಎಳೆಯುತ್ತಿದ್ದಾನೆ.

ಫೋನಿನಲ್ಲೂ ಜನರೇಟರ್ ಸದ್ದು. ನಮ್ಮದು. ಚಪ್ಪಲಿ ಸದ್ದು ನಿಂತಿದೆ. ಬಾಗಿಲು ತಟ್ಟುತ್ತಿದ್ದಾರೆ. ಮಹದೇವು ಎಂದು ಕೂಗುತ್ತಿದ್ದಾರೆ. ಇನ್ನೊಂದು ಸಲ ಕೂಗಿದರು. ಜೋರಾಗಿ ಕೂಗಿ ಎಂದೆ. ಕೂಗಿದರು. ಒಳಗಿನಿಂದ —