ನಿಮ್ಮ ಚೌಕಾಕ್ಷರಗಳೂ ನನ್ನ ಹೆಂಡತಿಯ ಓದೂ

ಹೈದರಾಬಾದಿನ ಬಸ್ಸುಗಳಿಗೆ ಹೊಸ ಫಲಕ ಹಾಕಿಸಿದ ಮಾನ್ಯ ಅಧಿಕಾರಿಗಳೇ,

ನಿಮ್ಮ ಫಲಕಗಳನ್ನು ಓದಲು ಆಗುತ್ತಿಲ್ಲ. ಇದೇ ನನ್ನ ದೂರು. ದಪ್ಪ ದಪ್ಪ ಚೌಕಗಳು, ಮೂಲೆ ಕತ್ತರಿಸಿದ ಪಟ್ಟಿಗಳು, ಅವಳಿಜವಳಿಯಂತಿರುವ ಅಂಕಿಗಳು. ‘ನಾಳಿನ ನಗರಕ್ಕೆ ನಾಳಿನ ಅಕ್ಷರ’ ಎಂದು ಉದ್ಘಾಟನೆಯ ದಿನ ಅಪ್ಪಣೆ ಕೊಡಿಸಿದಿರಂತೆ. ಸಂತೋಷ. ಆದರೆ ಬಸ್ಸು ಹತ್ತುವವರು ಇಂದಿನವರಲ್ಲವೇ ಸ್ವಾಮಿ? ಇದೇನು ಚಂದ್ರಲೋಕಕ್ಕೆ ಹೋಗುವ ನೌಕೆಯೋ, ಮಲ್ಕಾಜ್‌ಗಿರಿಯಿಂದ ಕೂಕಟ್‌ಪಲ್ಲಿಗೆ ಹೋಗುವ ಬಸ್ಸೋ?

ನಾನು ರೈಲ್ವೆಯಿಂದ ನಿವೃತ್ತನಾದವನು. ನನ್ನ ಹೆಂಡತಿ ಶಿವದೇವಿ ಯಾದಗಿರಿ ಕಡೆಯವಳು, ಕನ್ನಡ ಶಾಲೆಯಲ್ಲಿ ಕಲಿತವಳು. ತೆಲುಗು ಓದಲು ಅವಳಿಗೆ ಯಾರೂ ಕಲಿಸಲಿಲ್ಲ. ನಮ್ಮ ಕಡೆಯ ಎಷ್ಟೋ ಹೆಂಗಸರಂತೆ ಅವಳೂ ತೆಲುಗು ಫಲಕವನ್ನು ಕನ್ನಡವೆಂದುಕೊಂಡೇ ಓದುತ್ತಾಳೆ. ಆ ದುಂಡು, ಆ ಕೊಂಬು ಎಲ್ಲ ನೆಂಟರೇ, ತಲೆಕಟ್ಟಷ್ಟೇ ಬೇರೆ. ಅಷ್ಟರಲ್ಲೇ ಅವಳು ಯಾರನ್ನೂ ಕೇಳದೆ ಈ ಊರೆಲ್ಲ ಓಡಾಡಿದವಳು. ನೀವು ದುಂಡನ್ನು ಡಬ್ಬಿ ಮಾಡಿದಿರಿ, ತಲೆಕಟ್ಟನ್ನು ಬೋಳಿಸಿಬಿಟ್ಟಿರಿ.

ಮಗಳು ಮಂದಾರ ಕೂಕಟ್‌ಪಲ್ಲಿಯಲ್ಲಿ ಬಾಣಂತಿ. ಆಪರೇಷನ್ ಆದವಳು ಲಿಫ್ಟ್ ಇಲ್ಲದ ನಮ್ಮ ಮನೆಗೆ ಹತ್ತಿ ಬರಲಾರಳೆಂದು ಅಲ್ಲೇ ಇದ್ದಾಳೆ. ಕೂಸಿಗೆ ಎಣ್ಣೆ ತಿಕ್ಕಿ, ಚಾಚಿದ ಕಾಲ ಮೇಲೆ ಮಲಗಿಸಿಕೊಂಡು ನೀರು ಎರೆಯುವುದು ನಮ್ಮಲ್ಲಿ ಅಜ್ಜಿಯ ಕೆಲಸ. ಅದಕ್ಕೆಂದೇ ಶಿವದೇವಿ ದಿನಾ ಹೋಗಿ ಬರುತ್ತಿದ್ದಳು. ಹೊಸ ಫಲಕ ಬಂದ ವಾರ ಬೇರಾವುದೋ ಬಸ್ಸು ಹತ್ತಿಬಿಟ್ಟಳು. ಜನರ ಗದ್ದಲದಲ್ಲಿ ಕಂಡಕ್ಟರ್ ಅವಳ ಹತ್ತಿರ ಬರುವಷ್ಟರಲ್ಲಿ ಬಸ್ಸು ಕೊಂಡಾಪುರ ಮುಟ್ಟಿತ್ತು. ‘ಈ ಬಸ್ಸು ಅಟು ಪೋದಮ್ಮಾ’, ಕೂಕಟ್‌ಪಲ್ಲಿ ಕಡೆ ಹೋಗುವುದಿಲ್ಲ ಎಂದು ಇಳಿಸಿದ. ಗಾಜಿನ ಆಫೀಸುಗಳ ಮುಂದೆ ಎಣ್ಣೆಯ ಬಾಟಲಿ ಹಿಡಿದು ಅಳುತ್ತ ನಿಂತಿದ್ದವಳನ್ನು ನಾನು ಹೋಗಿ ಕರೆತಂದೆ. ಎರಡು ದಿನ ಬಿಟ್ಟು ಮತ್ತೆ ಅದೇ ಆಯಿತು.

ಅವಳು ನಿಮ್ಮನ್ನು ಬೈಯಲಿಲ್ಲ. “ಏನ್ರಿ, ನನಗ ಓದೋದ ಮರತು ಹೋಗಾಕತ್ತೈತೇನ್ರಿ?” ಎಂದಳು. ಅವಳ ತಾಯಿಗೆ ಕೊನೆಗಾಲದಲ್ಲಿ ಮರೆವಿನ ರೋಗವಿತ್ತು. ನಾನೂ ಹೆದರಿದೆ. ಕಣ್ಣಿನ ಡಾಕ್ಟರು, ನರದ ಡಾಕ್ಟರು, ಸ್ಕ್ಯಾನು ಎಲ್ಲ ಆಯಿತು. ಏನೂ ತೊಂದರೆಯಿಲ್ಲ ಎಂದರು. ಆಮೇಲೆ ನಾನೇ ಹೋಗಿ ಬಸ್ ಸ್ಟಾಪಿನಲ್ಲಿ ನಿಂತೆ. ತೆಲುಗಿನಲ್ಲೇ ಹುಟ್ಟಿ ಬೆಳೆದವರೂ ಬಾಗಿಲಲ್ಲಿ ತಲೆ ಹಾಕಿ ‘ಎಕ್ಕಡಿಕಿ?’, ಬಸ್ಸು ಎಲ್ಲಿಗೆ ಎಂದು ಕೇಳಿಯೇ ಹತ್ತುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು. ಒಂದೇ ಒಂದು ಸಲ ನಿಮ್ಮ ಕಾರಿಳಿದು ಆ ಸ್ಟಾಪಿನಲ್ಲಿ ನಿಂತು ನೋಡಿದ್ದೀರಾ?

ಮನೆಗೆ ಬಂದು ಹೇಳಿದರೆ ಅವಳು ನಂಬಲಿಲ್ಲ. “ಸರಕಾರದವ್ರು ಓದಾಕ ಬರದಂಗ ಯಾಕ ಬರಸ್ತಾರ್ರಿ? ನನ್ನ ಸಮಾಧಾನಕ್ಕ ಏನರ ಹೇಳಬ್ಯಾಡ್ರಿ.” ಈಗ ನಾನೇ ಜೊತೆಗೆ ಬರುತ್ತೇನೆಂದರೂ ಅವಳು ಕೂಸಿಗೆ ಎರೆಯಲು ಹೋಗುತ್ತಿಲ್ಲ. “ಹಾದಿ ಮರಿಯಾಕಿ ಕೈಯಾಗ ಹಸಿಕೂಸು ಯಾಕ ಕೊಡತೀರಿ?” ಎನ್ನುತ್ತಾಳೆ.

ಹಳೆಯ ದುಂಡಕ್ಷರಗಳನ್ನು ಮರಳಿ ಹಾಕಿಸಿ. ಅದಕ್ಕೆ ಮೊದಲು ನಿಮ್ಮ ಕಚೇರಿಯ ಮೊಹರು ಒತ್ತಿ, ಶಿವದೇವಿಯ ಹೆಸರಿಗೆ ಎರಡು ಸಾಲು ಬರೆದು ಕಳಿಸಿ: ತಪ್ಪು ನಮ್ಮದು, ನಿಮಗೆ ಓದಲು ಬರುತ್ತದೆ ಎಂದು. ಗಂಡನ ಮಾತು ನಂಬದವಳು ಸರಕಾರದ ಮಾತನ್ನು ಇನ್ನೂ ನಂಬುತ್ತಾಳೆ.

ಇಂತಿ,
ಹೆಂಡತಿಯ ಕಣ್ಣಲ್ಲಿ ಸುಳ್ಳುಗಾರನಾಗಿ ಕೂತಿರುವ
ಗುರುಬಸವ, ಮಲ್ಕಾಜ್‌ಗಿರಿ